ಫ್ಯಾಕ್ಸ್ ನಂಬರಿನ ಕಾಲಂ

ಜನವರಿ ೬

ಪ್ರೀತಿಯ ಅಣ್ಣನಿಗೆ,

ನಿನ್ನ ಮಂಡಿ ಹೇಗಿದೆ? ಅತ್ತಿಗೆ ಇನ್ನೂ ನಿನ್ನ ಮೇಲೆ ರೇಗುತ್ತಾರೋ, ಇಲ್ಲ ರೇಗಿ ಸಾಕಾಗಿ ಕೈಬಿಟ್ಟಿದ್ದಾರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಮ್ಮನ ಹೊಲಿಗೆ ಮಷೀನು ಯಾರ ಮನೆಯಲ್ಲಿರಬೇಕು ಎಂದು ಹೋದ ವರ್ಷ ಫೋನಿನಲ್ಲಿ ಶುರುವಾದದ್ದು ನಾಲ್ಕು ತಿಂಗಳು ಮಾತು ಬಿಡುವ ತನಕ ಹೋಯಿತಲ್ಲ. ಅದಕ್ಕೇ ನೀನು ಹಾಕಿದ ನಿಯಮ ಪಾಲಿಸುತ್ತಿದ್ದೇನೆ. ನಮ್ಮಿಬ್ಬರ ನಡುವೆ ಕಾಗದ ಮಾತ್ರ. ಕಾಗದದಲ್ಲಿ ಹೋದ ಜಗಳ ತಲುಪುವ ಹೊತ್ತಿಗೆ ತಣ್ಣಗಾಗಿರುತ್ತದೆ.

ನನಗೊಂದು ಹೊಸ ಕೆಲಸ ಅಂಟಿದೆ. ನಮ್ಮ ಕಂಪನಿ ಮಾರುವ ಏಳು ಸಾಫ್ಟ್‌ವೇರ್‌ಗಳಿಗೂ ಒಂದೇ ಮುಖ ಕೊಡಬೇಕಂತೆ. ಗೋದಾಮಿನದು, ಆಸ್ಪತ್ರೆಯದು, ಸಂಬಳ ಹಂಚುವುದು, ನಿಮ್ಮಂಥ ಲಿಫ್ಟ್ ರಿಪೇರಿಯವರದು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣಬೇಕು. ಅದಕ್ಕೊಂದು ತಂಡ, ತಂಡಕ್ಕೆ ನಾನು ಮುಖ್ಯಸ್ಥೆ. ಮೊದಲ ವಾರ ಏಳನ್ನೂ ತೆರೆದು ಇರುವ ಬಟನ್‌ಗಳನ್ನೆಲ್ಲ ಪ್ರಿಂಟ್ ಹೊಡೆದು ಗೋಡೆಗೆ ಅಂಟಿಸಿದೆ. ನಲವತ್ತಮೂರು ಥರದ ಬಟನ್, ಇಪ್ಪತ್ತೊಂಬತ್ತು ಥರದ ನೀಲಿ. ಒಂದರಲ್ಲಿ ‘ಉಳಿಸು’, ಇನ್ನೊಂದರಲ್ಲಿ ‘ಸರಿ’, ಮತ್ತೊಂದರಲ್ಲಿ ‘ಮುಗಿಯಿತು’. ಮೂರೂ ಮಾಡುವುದು ಒಂದೇ ಕೆಲಸ. ಆ ಗೋಡೆಯ ಮುಂದೆ ನಿಂತರೆ ವಾರದಿಂದ ತೊಳೆಯದ ಪಾತ್ರೆಗಳ ಮುಂದೆ ನಿಂತ ಹಾಗಾಗುತ್ತದೆ. ಹತ್ತು ವರ್ಷ ಇಷ್ಟೊಂದು ಜನ ಸಂಬಳ ತೆಗೆದುಕೊಂಡು ಮಾಡಿದ್ದು ಇದನ್ನೇ.

ಎಲ್ಲಕ್ಕಿಂತ ಅಸಹ್ಯ ನಿಮ್ಮದು. ಒಂದು ಕಟ್ಟಡದ ವಿವರ ತುಂಬಲು ಐವತ್ತೆಂಟು ಕಾಲಂ. ಅದರಲ್ಲೊಂದು ಫ್ಯಾಕ್ಸ್ ನಂಬರು. ಫ್ಯಾಕ್ಸ್, ಅಣ್ಣ. ಸೋಮವಾರದ ಮೀಟಿಂಗಿನಲ್ಲಿ ಅದೊಂದನ್ನೇ ಗೋಡೆಯಷ್ಟು ದೊಡ್ಡದಾಗಿ ತೋರಿಸಿ, “ಇದು ಯಾರಿಗೆ ಬೇಕು, ಕೈ ಎತ್ತಿ” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ವಿಭಾಗದ ದೊಡ್ಡವನು (ಮಾತು ಬಹಳ ನುಣುಪು, ಅದಕ್ಕೆ ನಾವೆಲ್ಲ ಹಿಂದಿನಿಂದ ನುಣ್ಣಪ್ಪ ಎನ್ನುತ್ತೇವೆ) ಎದ್ದು ನಿಂತು ಚಪ್ಪಾಳೆ ತಟ್ಟಿದ. ಹದಿನಾರು ವರ್ಷದಲ್ಲಿ ನನಗಾಗಿ ಅಲ್ಲಿ ಯಾರೂ ಎದ್ದು ನಿಂತಿರಲಿಲ್ಲ.

ನಿನ್ನ ತಂಗಿ


ಜನವರಿ ೧೯

ಪ್ರೀತಿಯ ಸಿಡುಕಿಗೆ,

ಮಂಡಿ ಇದ್ದಲ್ಲೇ ಇದೆ, ಮಡಚುವುದಿಲ್ಲ ಅಷ್ಟೇ. ನಿನ್ನ ಅತ್ತಿಗೆ ರೇಗುವುದನ್ನು ನಿಲ್ಲಿಸಿಲ್ಲ, ಸಮಯ ಬದಲಾಯಿಸಿದ್ದಾಳೆ. ಈಗ ಬೆಳಿಗ್ಗೆಯೇ ಮುಗಿಸಿ ಕಳಿಸುತ್ತಾಳೆ.

ನಿನ್ನ ಪಾತ್ರೆಗಳ ವಿಷಯ ಓದಿ ನಕ್ಕೆ. ನನ್ನ ಮೇಜನ್ನು ನೀನು ನೋಡಬೇಕು. ಮೆಟ್ಟಿಲ ಕೆಳಗಿನ ಕೋಣೆ, ಕಿಟಕಿ ಇಲ್ಲ, ಗೋಡೆಗೆಲ್ಲ ಗ್ರೀಸಿನ ಕೈಗುರುತು. ಟೀ ಲೋಟದ ತಳದಲ್ಲೂ ಗ್ರೀಸ್ ತೇಲುತ್ತದೆ. ಎಲ್ಲೋ ಒಂದು ಲಿಫ್ಟ್ ನಿಂತರೆ ಫೋನ್ ಇಲ್ಲಿ ಬಡಿದುಕೊಳ್ಳುತ್ತದೆ, ನಾನು ಕಟ್ಟಡದ ಹೆಸರು ಒತ್ತುತ್ತೇನೆ, ಪ್ರಿಂಟರು ಒಂದು ಚೀಟಿ ಉಗುಳುತ್ತದೆ, ಮೆಕ್ಯಾನಿಕ್ ಅದನ್ನು ಜೇಬಿಗೆ ಹಾಕಿಕೊಂಡು ಓಡುತ್ತಾನೆ. ಮಂಡಿ ಹೋಗುವ ತನಕ ಲಿಫ್ಟ್ ರಿಪೇರಿಗೆ ಹತ್ತಿಳಿಯುತ್ತಿದ್ದವನಿಗೆ ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಜಾಗ, ನೋಡು.

ಒಂದು ಮಾತು. ಆ ಫ್ಯಾಕ್ಸ್ ಕಾಲಂ ಮುಟ್ಟಬೇಡ. ನಗಬೇಡ, ಹೇಳುವುದು ಕೇಳು. ಚೀಟಿಯಲ್ಲಿ ಪ್ರಿಂಟ್ ಆಗುವುದು ನಾಲ್ಕೇ ನಾಲ್ಕು: ಕಟ್ಟಡದ ಹೆಸರು, ವಿಳಾಸ, ಫೋನು, ಫ್ಯಾಕ್ಸು. ಟಿಪ್ಪಣಿ ಎಂದೊಂದು ಕಾಲಂ ಇದೆ, ಅದರಲ್ಲಿ ಬರೆದದ್ದು ಎಲ್ಲಿಗೆ ಹೋಗುತ್ತದೋ ನಿಮಗೇ ಗೊತ್ತು, ಚೀಟಿಗಂತೂ ಬರುವುದಿಲ್ಲ. ಫ್ಯಾಕ್ಸ್ ಮಷೀನು ಯಾವ ಕಟ್ಟಡದಲ್ಲೂ ಇಲ್ಲ. ಹಾಗಾಗಿ ಒಂಬತ್ತು ವರ್ಷದಿಂದ ಮೆಕ್ಯಾನಿಕ್‌ಗೆ ಗೊತ್ತಿರಬೇಕಾದದ್ದನ್ನೆಲ್ಲ ನಾವು ಅಲ್ಲೇ ಬರೆಯುತ್ತೇವೆ. ಶುರು ಮಾಡಿದ್ದು ನಾನೇ. ‘ಮೂರನೇ ಮಹಡಿ ಬಾಗಿಲು ಸುಳ್ಳು ಹೇಳುತ್ತೆ.’ ‘ನಾಯಿ ಕಚ್ಚುತ್ತೆ, ಮಾಲೀಕರು ನಾಯಿಗಿಂತ ಜಾಸ್ತಿ.’ ‘ಎರಡು ಸ್ವಿಚ್ ಇದೆ, ಎರಡನೆಯದು ನೀರಿನ ಟ್ಯಾಂಕ್ ಹಿಂದೆ.’ ನಾನೂರ ಹನ್ನೆರಡು ಕಟ್ಟಡ, ಯಾರ ತಲೆಯಲ್ಲಿ ಉಳಿಯುತ್ತದೆ? ಸಾಲು ಇದ್ದರೆ ಹುಷಾರು, ಸಾಲು ಇಲ್ಲದಿದ್ದರೆ ಭಯವಿಲ್ಲ. ಇಲ್ಲಿನವರೆಲ್ಲ ನಡೆಯುವುದು ಅದರ ಮೇಲೆಯೇ.

ಉಳಿದ ಐವತ್ತೇಳನ್ನು ಬೇಕಾದರೆ ಗುಡಿಸಿ ಹಾಕು, ಹರಸುತ್ತೇನೆ.

ಅಣ್ಣ


ಫೆಬ್ರವರಿ ೧೧

ಪ್ರೀತಿಯ ಅಣ್ಣನಿಗೆ,

ತಡವಾಯಿತು. ಇಪ್ಪತ್ತೊಂಬತ್ತು ನೀಲಿಯನ್ನು ಒಂದಕ್ಕೆ ಇಳಿಸಲು ಹನ್ನೊಂದು ಮೀಟಿಂಗ್ ಆದವು. ಗೋದಾಮಿನವರ ನೀಲಿ ಆಸ್ಪತ್ರೆಯವರಿಗೆ ಶೋಕದ ಬಣ್ಣವಂತೆ. ಆಸ್ಪತ್ರೆಯವರ ನೀಲಿ ಸಂಬಳದವರಿಗೆ ನಿದ್ದೆ ತರಿಸುತ್ತದಂತೆ. ಒಬ್ಬಳು ನೀಲಿಗಾಗಿ ಅತ್ತಳು. ನಿಜವಾದ ಕಣ್ಣೀರು. ಆಮೇಲೆ ಎಲ್ಲರೂ ಬಿಸ್ಕತ್ತು ತಿಂದರು. ಗಾಜಿನ ಕೋಣೆ, ಎಲ್ಲರ ಬಾಯಿಯಿಂದಲೂ ಒಂದೇ ಪುದಿನ ಗುಳಿಗೆಯ ವಾಸನೆ, ಮಾತೆತ್ತಿದರೆ ‘ಬಳಕೆದಾರರು’. ಬಳಕೆದಾರ ಎನ್ನುವವನೊಬ್ಬನನ್ನೂ ಅವರು ಕಣ್ಣಾರೆ ಕಂಡಿಲ್ಲ. ಮನೆಗೆ ಬಂದು ಬಾಯಿ ತೊಳೆದುಕೊಂಡರೂ ಆ ಮಾತುಗಳ ಜಿಡ್ಡು ಹೋಗುವುದಿಲ್ಲ.

ಆದರೂ ಕೆಲಸ ಸಾಗುತ್ತಿದೆ. ನಿಮ್ಮ ಐವತ್ತೆಂಟು ಕಾಲಂ ಈಗ ಹತ್ತೊಂಬತ್ತು. ಚೀಟಿಯನ್ನೂ ಹೊಸದಾಗಿ ಮಾಡಿದ್ದೇವೆ, ಅಕ್ಷರ ದಪ್ಪ, ಸುತ್ತಲೂ ಬಿಳಿ ಜಾಗ, ನೋಡಿದರೆ ಕಣ್ಣಿಗೆ ತಂಪು. ನುಣ್ಣಪ್ಪ ಮೊನ್ನೆ ಮೇಲಿನವರ ಮುಂದೆ ನನ್ನ ಹೆಸರು ಹೇಳಿದನಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನು, ಏನು ಹೇಳಿದನೋ ಏನೋ.

ನೀನು ಬರೆದದ್ದನ್ನೆಲ್ಲ ಓದಿದೆ. ತಲೆಯಲ್ಲಿದೆ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ತಂಗಿ


ಮಾರ್ಚ್ ೨

ಪ್ರೀತಿಯ ಸಿಡುಕಿಗೆ,

ನೀಲಿಗೆ ಅತ್ತವಳ ಕಥೆ ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಉದ್ದಣ್ಣ ನಕ್ಕು ನಕ್ಕು ಚೌಕಟ್ಟಿಗೆ ತಲೆ ಹೊಡೆಸಿಕೊಂಡ. ಅವನು ನಿನಗೆ ನೆನಪಿರಬೇಕು, ನಿನ್ನ ಮದುವೆಯಲ್ಲಿ ದೀಪ ಕೆಟ್ಟಾಗ ಏಣಿ ಇಲ್ಲದೆ ಸರಿಮಾಡಿದವನು. ಇಷ್ಟು ವರ್ಷ ಊರಿನ ಆ ಕಡೆಯ ಲಿಫ್ಟ್‌ಗಳನ್ನು ನೋಡುತ್ತಿದ್ದ, ಈಗ ನಮ್ಮ ಕಡೆಗೆ ಹಾಕಿದ್ದಾರೆ.

ಹೊಸದು ಏಪ್ರಿಲ್ ಏಳಕ್ಕೆ ಬರುತ್ತದೆ ಎಂದು ಸುತ್ತೋಲೆ ಬಂತು. ಮ್ಯಾನೇಜರು ಬಂದು, “ಆ ಫ್ಯಾಕ್ಸ್ ಸಾಲುಗಳನ್ನೆಲ್ಲ ಒಂದು ಪುಸ್ತಕಕ್ಕೆ ಬರೆದಿಟ್ಕೊಳ್ಳೋಣ್ವಾ?” ಎಂದ. ನಾನು ಹೇಳಿದೆ, “ಏನೂ ಬೇಡ ಸಾರ್. ಅದನ್ನ ಮಾಡ್ತಿರೋಳು ನನ್ನ ತಂಗಿ. ನಾನು ಹೇಳಿದ್ದೀನಿ, ಅವಳ ತಲೇಲಿದೆ.” ಅವನ ಮುಖ ನೋಡಬೇಕಿತ್ತು. ಈ ಕೋಣೆಯಲ್ಲಿ ನಾನು ಜಂಬ ಪಡುವ ಸಂದರ್ಭ ಬರುವುದೇ ಅಪರೂಪ, ಬಿಡಲಿಲ್ಲ.

ಅಣ್ಣ


ಏಪ್ರಿಲ್ ೨

ಪ್ರೀತಿಯ ಅಣ್ಣನಿಗೆ,

ಮೈ ಸರಿಯಿರಲಿಲ್ಲ, ಅದಕ್ಕೆ ಒಂದು ತಿಂಗಳು ಬರೆಯಲಾಗಲಿಲ್ಲ. ಊಟ ಸೇರುತ್ತಿಲ್ಲ. ಅತ್ತಿಗೆಗೆ ಕೇಳಿದೆ ಎಂದು ಹೇಳು. ಇಲ್ಲಿ ವಿಪರೀತ ಸೆಕೆ, ಮೇಲಿನ ಮನೆಯವರು ಹಗಲೆಲ್ಲ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಮ್ಮನ ಹೊಲಿಗೆ ಮಷೀನನ್ನು ನೀನೇ ಇಟ್ಟುಕೊ, ನನಗೆ ಹೊಲಿಯಲೂ ಬರುವುದಿಲ್ಲ.

ಮತ್ತೆ, ಆ ಸಾಲುಗಳನ್ನು ಯಾವುದಕ್ಕೂ ಒಂದು ನಕಲು ಮಾಡಿಟ್ಟುಕೊಂಡರೆ ಒಳ್ಳೆಯದು. ನಮ್ಮಲ್ಲಿ ಎಲ್ಲವೂ ಅಂದುಕೊಂಡ ಹಾಗೆ ನಡೆಯುವುದಿಲ್ಲ.

ನಿನ್ನ ತಂಗಿ


ಏಪ್ರಿಲ್ ೧೨

ತಂಗಿಗೆ,

ನಿನ್ನ ಎರಡನೇ ತಾರೀಖಿನ ಕಾಗದ ನಿನ್ನೆ ತಲುಪಿತು. ಯಾವುದಕ್ಕೂ ಒಂದು ನಕಲು ಮಾಡಿಟ್ಟುಕೊ ಎಂದು ಬರೆದಿದ್ದೀಯ. ಉದ್ದಣ್ಣನ ಬೆರಳು ಹೋದದ್ದು ಎಂಟನೇ ತಾರೀಖು.

ಏಳಕ್ಕೆ ನಿಮ್ಮ ಹೊಸದು ಬಂತು. ಎಂಟಕ್ಕೆ ಮಧ್ಯಾಹ್ನ ಎರಡು ಸ್ವಿಚ್ಚಿನ ಕಟ್ಟಡದಲ್ಲಿ ಲಿಫ್ಟ್ ನಿಂತಿತು. ಒಳಗೊಬ್ಬ ತಾಯಿ, ಎಳೆ ಮಗು, ಬಾಗಿಲು ಬಡಿಯುತ್ತಿದ್ದಾಳೆ. ನನ್ನ ಎರಡೂ ಕಿವಿಗೆ ಎರಡು ಫೋನು. ಉದ್ದಣ್ಣ ಪ್ರಿಂಟರಿನಿಂದ ಚೀಟಿ ಎಳೆದುಕೊಂಡು, “ಏನ್ ಚೆನ್ನಾಗಿದೆ ಮಾರಾಯ, ಮದ್ವೆ ಕಾಗದ ಇದ್ದಂಗಿದೆ” ಎಂದು ಓಡಿದ. ಹೆಸರು, ವಿಳಾಸ, ಫೋನು, ಉಳಿದದ್ದು ನಿನ್ನ ಬಿಳಿ ಜಾಗ. ಸಾಲು ಇಲ್ಲ, ಅಂದರೆ ಭಯವಿಲ್ಲ. ದೊಡ್ಡ ಸ್ವಿಚ್ ಇಳಿಸಿ ಪ್ಯಾನೆಲಿಗೆ ಕೈ ಹಾಕಿದ್ದಾನೆ, ಟ್ಯಾಂಕ್ ಹಿಂದಿನ ಎರಡನೆಯದರಿಂದ ಕರೆಂಟ್ ಹರಿಯುತ್ತಲೇ ಇತ್ತು. ಮೊದಲು ಟೆಸ್ಟರ್ ಹಚ್ಚಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ, ಹಚ್ಚಬೇಕಿತ್ತು, ಹೌದು. ಬಲಗೈಯ ಎರಡು ಬೆರಳು ಸುಟ್ಟು ಕಪ್ಪಾಗಿದ್ದವು. ಮಾರನೇ ದಿನ ತೆಗೆದರು. ಆ ವಾಸನೆ ಅವನ ಅಂಗಿಯಲ್ಲಿತ್ತು. ಅಂಗಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

ನಿನಗೆ ಹೇಳದ ಒಂದು ವಿಷಯ ಇದೆ. ನನ್ನ ಮಂಡಿ ಹೋದದ್ದು ಮೆಟ್ಟಿಲಲ್ಲಿ ಜಾರಿ ಅಲ್ಲ. ಅದೇ ಕಟ್ಟಡ, ಅದೇ ಪ್ಯಾನೆಲ್, ಒಂಬತ್ತು ವರ್ಷದ ಹಿಂದೆ. ಶಾಕ್ ಹೊಡೆದು ಎಸೆದ ರಭಸಕ್ಕೆ ಮೋಟಾರಿನ ಕಟ್ಟೆಗೆ ಬಡಿದು ಮುರಿಯಿತು. ಅಮ್ಮ ಹೆದರುತ್ತಾಳೆ ಎಂದು ಮೆಟ್ಟಿಲು ಎಂದೆ, ಆಮೇಲೆ ಹಾಗೇ ಉಳಿಯಿತು. ಆಸ್ಪತ್ರೆಯಿಂದ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಫ್ಯಾಕ್ಸ್ ಕಾಲಂನಲ್ಲಿ ಆ ಸಾಲು ಬರೆದದ್ದು. ಮೊದಲ ಸಾಲು ಅದೇ.

ಮೇ ಆರಕ್ಕೆ ವಿಚಾರಣೆ. ಹೊರಗಿನಿಂದ ಒಬ್ಬ ಸುರಕ್ಷತಾ ಅಧಿಕಾರಿ ಬರುತ್ತಾನೆ. ಎಚ್ಚರಿಕೆ ಕೊಡದೆ ಮೆಕ್ಯಾನಿಕ್ಕನ್ನು ಕಳಿಸಿದ್ದು ನಾನು, ಆದ್ದರಿಂದ ತಪ್ಪು ನನ್ನದು ಎಂದು ಕಾಗದ ಕೊಟ್ಟಿದ್ದಾರೆ. ನಿಮ್ಮ ಕಂಪನಿಯವರೂ ಬರೆದಿದ್ದಾರೆ, ಎಚ್ಚರಿಕೆ ಬರೆಯುವ ಕಾಲಂ ನಮ್ಮ ಸಾಫ್ಟ್‌ವೇರ್‌ನಲ್ಲಿ ಯಾವತ್ತೂ ಇರಲಿಲ್ಲ, ಇದ್ದದ್ದು ಫ್ಯಾಕ್ಸ್ ನಂಬರಿನ ಕಾಲಂ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಎರಡೇ ಪ್ರಶ್ನೆ. ಜನವರಿಯ ನನ್ನ ಕಾಗದವನ್ನು ನೀನು ಓದಿದ್ದೆಯಾ? ಓದಿದ್ದರೆ, ನಿನ್ನ ಮನೆಯಲ್ಲಿ ಫೋನ್ ಇರಲಿಲ್ಲವಾ?

ಅಣ್ಣ


ಏಪ್ರಿಲ್ ೧೯

ಅಣ್ಣ,

ಓದಿದ್ದೆ. ಎರಡು ಸಲ ಓದಿದ್ದೆ.

ಮಾರನೇ ದಿನ ಮೀಟಿಂಗಿಗೆ ಹೋಗುವಾಗ ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಆ ಕಾಲಂ ಉಳಿಸಬೇಕು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ನುಣ್ಣಪ್ಪ ನನ್ನ ಫ್ಯಾಕ್ಸ್ ಚಿತ್ರವನ್ನು ಮೇಲಿನವರಿಗೆ ತೋರಿಸುವ ಕಡತದ ಮೊದಲ ಪುಟಕ್ಕೆ ಹಾಕಿದ್ದ. “ನೋಡಿ, ಕಸ ಗುಡಿಸೋದು ಅಂದ್ರೆ ಇದು” ಎಂದ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಹೇಳಿದ್ದರೆ ನನ್ನ ಆ ಒಂದು ಚಪ್ಪಾಳೆ ವಾಪಸ್ ಹೋಗುತ್ತಿತ್ತು. ನಾಯಿ, ಮಾಲೀಕರು, ಸುಳ್ಳು ಹೇಳುವ ಬಾಗಿಲು, ಇವೆಲ್ಲ ನಿಮ್ಮವರ ತಮಾಷೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನೂ ಇದೆ. ಏನೇನು ಅಳಿಸಬೇಕೆಂದು ಪಟ್ಟಿ ಮಾಡುವಾಗ ನಮ್ಮ ಹುಡುಗಿಯೊಬ್ಬಳು ಬಂದು, “ಮೇಡಂ, ಈ ಫ್ಯಾಕ್ಸ್ ಕಾಲಂನಲ್ಲಿ ನಂಬರಿಲ್ಲ, ಏನೇನೋ ಮಾತು ಬರೆದಿದ್ದಾರೆ, ನೋಡ್ತೀರಾ?” ಎಂದಳು. ನೋಡಲಿಲ್ಲ. “ಕಸ, ಬಿಡು” ಎಂದೆ. ಆಮೇಲೆ ಮಾರ್ಚಿನಲ್ಲಿ ನಿನ್ನ ಕಾಗದ ಬಂತು. ತಂಗಿಯ ತಲೆಯಲ್ಲಿದೆ ಎಂದು ನೀನು ಜಂಬದಿಂದ ಹೇಳಿದ್ದನ್ನು ಓದಿ ಕಾಗದವನ್ನು ಡ್ರಾಯರಿನ ತಳಕ್ಕೆ ತುರುಕಿದೆ. ಅವತ್ತೇ ಫೋನ್ ಮಾಡಬೇಕಿತ್ತು. ಫೋನಿನಲ್ಲಿ ನೀನು ‘ಯಾಕೆ’ ಎಂದು ಕೇಳುತ್ತೀಯ, ಕಾಗದ ಕೇಳುವುದಿಲ್ಲ. ಒಂದು ತಿಂಗಳು ಕೂತು ಕೊನೆಗೆ ಹೊಲಿಗೆ ಮಷೀನಿನ ಕೆಳಗೆ ಎರಡು ಸಾಲು ಮುಚ್ಚಿಟ್ಟು ಅಂಚೆಗೆ ಹಾಕಿದೆ. ನನ್ನ ಮುಖವನ್ನು ನಾನೇ ಕನ್ನಡಿಯಲ್ಲಿ ನೋಡಲಾರೆ, ಅಷ್ಟು ಹೇಸಿಗೆ.

ಇಷ್ಟಾದ ಮೇಲೂ ಒಂದು ಬೇಡುತ್ತೇನೆ, ಬೈದುಕೊ. ನನ್ನ ಕಾಗದಗಳನ್ನು ವಿಚಾರಣೆಯಲ್ಲಿ ತೋರಿಸಬೇಡ. ನನಗೆ ಗೊತ್ತಿತ್ತು ಎನ್ನುವುದು ಹೊರಗೆ ಬಂದರೆ ಈ ಕೆಲಸದಲ್ಲಿ ಮತ್ತೆ ಯಾರೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ.

ತಂಗಿ


ಏಪ್ರಿಲ್ ೨೮

ನಿನ್ನ ಕಾಗದಗಳೆಲ್ಲ ಇದರ ಜೊತೆಗಿವೆ. ಜನವರಿಯಿಂದ ಈಚಿನವು, ಎಣಿಸಿಕೊ. ನನ್ನ ಹತ್ತಿರ ಇನ್ನು ಏನೂ ಇಲ್ಲ. ಇವು ಮನೆಯಲ್ಲಿದ್ದರೆ ನಾನು ತೋರಿಸಿಬಿಡುತ್ತೇನೆ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ವಿಚಾರಣೆಯಲ್ಲಿ ಆ ಸಾಲು ಬರೆಯಲು ಮರೆತೆ ಎನ್ನುತ್ತೇನೆ. ಪುಸ್ತಕ ಬೇಡ ಎಂದವನು ನಾನೇ ತಾನೇ, ಅಷ್ಟು ಸುಳ್ಳೂ ಅಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಉದ್ದಣ್ಣನಿಗೆ ಏನೂ ಹೇಳಿಲ್ಲ. ಹೊರಡುವಾಗ ಕೇಳಿದ, “ತಂಗಿ ಹೇಗಿದ್ದಾಳೆ? ಪಾಪ, ಅವಳಿಗೂ ಕೆಲಸದಲ್ಲಿ ಇದರಿಂದ ತೊಂದ್ರೆ ಆಗ್ಲಿಲ್ಲ ತಾನೇ?” ನಾನು ಇಲ್ಲ ಎಂದೆ. ಹೊರಗೆ ಬಂದು ಚರಂಡಿಗೆ ಉಗುಳಿದೆ. ಯಾರ ಮೇಲೆ ಉಗುಳಿದೆ ಎಂದು ನನಗೆ ಗೊತ್ತು.

ಬರೆಯಬೇಡ.


ಮೇ ೬

ವಿಚಾರಣಾಧಿಕಾರಿಗಳಿಗೆ,

ಲಿಫ್ಟ್ ದುರಸ್ತಿ ಕಂಪನಿಯಲ್ಲಿ ಏಪ್ರಿಲ್ ೮ರಂದು ನಡೆದ ಅವಘಡದ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಆ ಕಂಪನಿ ಬಳಸುವ ಸಾಫ್ಟ್‌ವೇರ್‌ನಿಂದ ಫ್ಯಾಕ್ಸ್ ನಂಬರಿನ ಕಾಲಂ ತೆಗೆದವಳು ನಾನು. ಅಲ್ಲಿ ಚೀಟಿ ಕೊಡುವ ಮೇಜಿನಲ್ಲಿ ಕೂರುವವರು ನನ್ನ ಅಣ್ಣ. ಆ ಕಾಲಂ ತೆಗೆಯಬಾರದು, ಅದರಲ್ಲಿ ಮೆಕ್ಯಾನಿಕ್‌ಗಳಿಗೆ ಎಚ್ಚರಿಕೆ ಇರುತ್ತದೆ ಎಂದು ಅವರು ಜನವರಿ ೧೯ರಂದು ನನಗೆ ಬರೆದಿದ್ದರು. ನಾನು ಓದಿ ಸುಮ್ಮನಿದ್ದೆ. ಅವರ ಆ ಕಾಗದವನ್ನೂ ನಾನು ಬರೆದವುಗಳನ್ನೂ ಲಗತ್ತಿಸಿದ್ದೇನೆ.

ಅಳಿಸಿದ ಸಾಲುಗಳು ನಮ್ಮ ಹಳೆಯ ನಕಲಿನಲ್ಲಿ ಉಳಿದಿದ್ದವು. ಅನುಮತಿ ಕೇಳದೆ ಅವನ್ನು ಪ್ರಿಂಟ್ ತೆಗೆದಿದ್ದೇನೆ, ಕಟ್ಟಡವಾರು, ಬರೆದ ತಾರೀಖಿನ ಸಮೇತ. ಒಂದನೇ ಪುಟದ ಒಂದನೇ ಸಾಲು ನೋಡಿ. ಒಂಬತ್ತು ವರ್ಷದ ಹಿಂದಿನದು, ಬರೆದವರು ನನ್ನ ಅಣ್ಣ. ವಿಚಾರಣೆಯಲ್ಲಿ ಅವರು ಬರೆಯಲು ಮರೆತೆ ಎಂದು ಹೇಳುತ್ತಾರೆ. ದಯವಿಟ್ಟು ನಂಬಬೇಡಿ.

ಇದನ್ನು ಅಂಚೆಗೆ ಹಾಕಿಲ್ಲ. ನಿಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ, ಕರೆದರೆ ಬಂದು ಇಷ್ಟನ್ನೂ ಬಾಯಲ್ಲಿ ಹೇಳುತ್ತೇನೆ.


ಜೂನ್ ೧೫

ಸಿಡುಕಿಗೆ,

ನಿನ್ನ ಕೆಲಸ ಹೋಯಿತೆಂದು ನಿನ್ನ ಅತ್ತಿಗೆ ಹೇಳಿದಳು. ನೀನು ಅವಳಿಗೆ ಫೋನ್ ಮಾಡುತ್ತೀಯಂತೆ. ನನಗೆ ಮಾಡುವುದಿಲ್ಲ.

ಅವತ್ತು ಆ ಬೆಂಚಿನ ಮುಂದೆ ನಾನು ಮಾತಾಡಿಸದೆ ಹೋದೆ. ಮಾತಾಡಿಸಿದ್ದರೆ ಏನಾದರೂ ಆಡಬಾರದ್ದು ಆಡುತ್ತಿದ್ದೆ. ನನ್ನ ಕೆಲಸ ಉಳಿಯಿತು, ಹೆಸರೂ ಉಳಿಯಿತು. ಅದಕ್ಕಾಗಿ ಖುಷಿ ಪಡಲು ಆಗುತ್ತಿಲ್ಲ, ಎದುರಿಗೇ ಉದ್ದಣ್ಣ ಕೂತಿರುತ್ತಾನೆ. ಮೇಲೆ ಹತ್ತುವ ಕೆಲಸ ಅವನಿಗೆ ಇನ್ನಿಲ್ಲ, ನನ್ನ ಮೇಜಿನ ಇನ್ನೊಂದು ಬದಿಗೆ ಹಾಕಿದ್ದಾರೆ.

ನಿಮ್ಮ ಹಳೆಯ ಕಂಪನಿಯವರು ಹೋದ ವಾರ ಹೊಸ ಕಾಲಂ ಕಳಿಸಿದರು. ‘ಎಚ್ಚರಿಕೆ’ ಎಂದೇ ಹೆಸರು. ಹಳದಿ ಬಣ್ಣ, ಮೂಲೆಗಳೆಲ್ಲ ಗುಂಡಗೆ, ನಲವತ್ತೇ ಅಕ್ಷರ ಹಿಡಿಯುತ್ತದೆ. ಏಳು ಸಾಫ್ಟ್‌ವೇರ್‌ನಲ್ಲೂ ಒಂದೇ ಥರ ಇದೆಯಂತೆ. ಚೀಟಿಯಲ್ಲಿ ಮಾತ್ರ ಪ್ರಿಂಟ್ ಆಗುವುದಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಹಾಕಿದ ಬಾಗಿಲಿಗೆ ಚಿಲಕವೂ ಇಲ್ಲ.

ಹಾಗಾಗಿ ನೀನು ತಂದ ಪ್ರಿಂಟನ್ನು ಮೇಜಿನ ಮೇಲೆ ದಾರ ಕಟ್ಟಿ ಇಟ್ಟುಕೊಂಡಿದ್ದೇವೆ. ಚೀಟಿ ಬಂದ ಕೂಡಲೇ ಉದ್ದಣ್ಣ ಅದರಲ್ಲಿ ಕಟ್ಟಡ ಹುಡುಕಿ, ನಿನ್ನ ಬಿಳಿ ಜಾಗದಲ್ಲಿ ಪೆನ್ನಿನಿಂದ ಸಾಲು ಬರೆದು ಕೊಡುತ್ತಾನೆ. ಎಡಗೈಯಲ್ಲಿ ಬರೆಯಬೇಕು, ಅಕ್ಷರ ಸೊಟ್ಟಗಿದೆ, ನಿಧಾನ. ಹುಡುಗರು ಅವಸರ ಮಾಡದೆ ನಿಂತು ಕಾಯುತ್ತಾರೆ. ನಿನ್ನೆ ಎರಡು ಸ್ವಿಚ್ಚಿನ ಕಟ್ಟಡದ ಚೀಟಿ ಬಂತು. ಪುಸ್ತಕ ನೋಡದೆಯೇ ಬರೆದ.

ಅವನಿಗೆ ಎಲ್ಲ ಗೊತ್ತು ಈಗ. ನಿನ್ನ ಬಗ್ಗೆ ಕೇಳುವುದನ್ನು ಬಿಟ್ಟಿದ್ದಾನೆ. ನಾನೂ ಇನ್ನೂ ನಿನ್ನನ್ನು ಕ್ಷಮಿಸಿಲ್ಲ, ಸುಮ್ಮನೆ ಸುಳ್ಳು ಯಾಕೆ.

ನಾನು ಹಾಕಿದ ನಿಯಮ ನಾನೇ ತೆಗೆಯುತ್ತಿದ್ದೇನೆ. ಇನ್ನು ಮೇಲೆ ಹೇಳುವುದು ಏನಿದ್ದರೂ ಫೋನ್ ಮಾಡು. ಜಗಳ ಆದರೆ ಆಗಲಿ.

ಅಣ್ಣ